ಬೀಗದಕ್ಕನವರ ಕೋಪವನ್ನು ಶುಕ್ರವಾರದವರೆಗೆ ಯಥಾಸ್ಥಿತಿಯಲ್ಲಿಡುವ ಬಗ್ಗೆ

ಮನಶ್ಶಾಸ್ತ್ರ ಅಧ್ಯಯನ ವಿಭಾಗ
ಸುತ್ತೋಲೆ ಸಂಖ್ಯೆ: ಮಶಾವಿ/ಕೋಪ/412/ತುರ್ತು
ದಿನಾಂಕ: ಬುಧವಾರ, ಸಾಯಂಕಾಲ 4 ಗಂಟೆ 40 ನಿಮಿಷ

ವಿಷಯ: ವಿಭಾಗದ ಬೀಗ ಹಾಗೂ ಕೀಲಿಗಳ ಪಾಲಕಿಯವರಿಗೆ (ಇನ್ನು ಮುಂದೆ ‘ಬೀಗದಕ್ಕ’) ತಮ್ಮ ತಂಗಿಯ ಮೇಲಿದ್ದ ಕೋಪವು ಪೂರ್ವಾನುಮತಿಯಿಲ್ಲದೆ ಇಳಿದಿರುವ ಕುರಿತು.

ಉಲ್ಲೇಖ:
ಅ) ಸದರಿಯವರ ಒಂದು ದಿನದ ರಜೆ ಅರ್ಜಿ, ಇಂದು ಬೆಳಿಗ್ಗೆ.
ಆ) ಸದರಿಯವರ ತಂಗಿಯ ಫೋನು, ನಿನ್ನೆ ರಾತ್ರಿ (ಮೌಖಿಕ).
ಇ) ಇದೇ ವಿಭಾಗದ ‘ಸಮಯಪಾಲನೆ’ ಸುತ್ತೋಲೆ: ಐದು ಹೊಡೆದೊಡನೆ, ಒಳಗೆ ಯಾರೇ ಇರಲಿ, ಬೀಗ ಹಾಕತಕ್ಕದ್ದು.

1. ಎಂಟನೆಯ ವರ್ಷದ ಸಂಶೋಧನಾ ವಿದ್ಯಾರ್ಥಿಯ ‘ಒಡಹುಟ್ಟಿದವರ ಮುನಿಸು: 412 ಜನರ ಅಧ್ಯಯನ’ ಎಂಬ ಮಹಾಪ್ರಬಂಧದ ಮೌಖಿಕ ಪರೀಕ್ಷೆ ಶುಕ್ರವಾರ ನಡೆಯಲಿದೆ. ಮನುಷ್ಯರಿಗೆ ತಂಗಿಯ ಮೇಲೆ ಬಂದ ಕೋಪ ಜನ್ಮದಲ್ಲಿ ಇಳಿಯುವುದಿಲ್ಲ ಎಂಬುದು ಪ್ರಬಂಧದ ತೀರ್ಮಾನ. ಹೊರಗಿನ ಪರೀಕ್ಷಕರು ಅನುಮಾನದ ಪ್ರಾಣಿಯಾದ್ದರಿಂದ, ಅದೇ ಜನರಲ್ಲಿ ಹನ್ನೆರಡು ಮಂದಿಯನ್ನು ಮತ್ತೊಮ್ಮೆ ಕೇಳಿ ನೋಡಲು ತಿಳಿಸಿದ್ದರು. ಇಂದು ಬೆಳಿಗ್ಗೆ ಕೇಳಲಾಯಿತು. ಹನ್ನೆರಡೂ ಮಂದಿ ತಂಗಿಯನ್ನು ಕ್ಷಮಿಸಿಬಿಟ್ಟಿದ್ದಾರೆ. ಗ್ರಾಫು ಹಗ್ಗ ಹರಿದ ಕೊಡದಂತೆ ಬಾವಿಯ ತಳ ಸೇರಿದೆ.

2. ಸದರಿ ಹನ್ನೆರಡು ಮಂದಿಯೂ ಬೀಗದಕ್ಕನವರೇ. ಉಳಿದ ನಾನ್ನೂರು ಮಂದಿಯೂ ಅವರೇ. ಇದರಲ್ಲಿ ಮುಚ್ಚುಮರೆಯೇನಿಲ್ಲ. ಪ್ರಶ್ನಾವಳಿ ಹಿಡಿದು ಬೀದಿ ಬೀದಿ ಅಲೆದು, ನಾಯಿಗಳಿಂದ ಅಟ್ಟಿಸಿಕೊಂಡು, ಚಪ್ಪಲಿ ಸವೆಸುವುದಕ್ಕಿಂತ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಬೆಳಿಗ್ಗೆ ಒಂಬತ್ತರಿಂದ ಕೈಕಟ್ಟಿ ಕೂತಿರುವ ಒಬ್ಬರಿಂದಲೇ ತುಂಬಿಸಿದರೆ ಕೆಲಸ ಹಗುರ ಎಂಬುದನ್ನು ವಿಭಾಗವು ಹನ್ನೊಂದು ವರ್ಷಗಳ ಹಿಂದೆಯೇ ಕಂಡುಹಿಡಿದಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದರೂ ಅವರು ಯಾವ ನಮೂನೆಯನ್ನೂ ಖಾಲಿ ಬಿಟ್ಟವರಲ್ಲ. ‘ವಯಸ್ಸು 34, ಗಂಡು, ಗುಮಾಸ್ತ’ ಎಂದು ಮೇಲೆ ಬರೆದುಕೊಟ್ಟರೆ ಗುಮಾಸ್ತರಾಗಿಯೇ ಉತ್ತರಿಸುತ್ತಾರೆ. ಆದರೆ ಸಿಟ್ಟು ಮಾತ್ರ ಸ್ವಂತದ್ದು.

3. ಇದು ಪರಂಪರೆಯೂ ಹೌದು. ವಿಭಾಗದ ಸ್ಥಾಪಕರು ಹಿತ್ತಾಳೆಯ ಯಂತ್ರವನ್ನಿಟ್ಟು, ಗಂಟೆಯ ಸದ್ದು ಕೇಳಿದ ಮೇಲೆ ಮನುಷ್ಯ ಎಷ್ಟು ಹೊತ್ತಿಗೆ ಗುಂಡಿ ಒತ್ತುತ್ತಾನೆಂದು ಆರುನೂರು ಬೆರಳುಗಳ ಮೇಲೆ ಅಳೆದು ದೊಡ್ಡ ಹೆಸರು ಮಾಡಿದರು. ಆ ಆರುನೂರು ಬೆರಳುಗಳು ಬೀಗದಕ್ಕನವರ ತಂದೆಯವರ ಬಲಗೈ ತೋರುಬೆರಳು. ಅಂದು ಗಂಟೆ ಬಾರಿಸುತ್ತಿದ್ದವರೂ ಅವರೇ. ಮಧ್ಯದಲ್ಲಿ ಇಲಿಗಳ ಕಾಲ ಬಂದಿತ್ತು. ಇಲಿಗಳು ಓಡಿಹೋದವು. ತಂದೆಯವರು ಓಡಿಹೋಗಲಿಲ್ಲ. ಹೀಗಾಗಿ ‘ಸಾಮಾನ್ಯ ಮನುಷ್ಯ’ ಎಂಬ ಹುದ್ದೆ ಒಂದೇ ಮನೆತನದಲ್ಲಿ ಎರಡು ತಲೆಮಾರಿನಿಂದ ಬಂದಿದೆ.

4. ಕೋಪದ ಮೂಲ: ಏಳು ವರ್ಷದ ಹಿಂದೆ ತಂಗಿಯು ತಾಯಿಯ ಹೊಲಿಗೆ ಯಂತ್ರವನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗಿರುತ್ತಾರೆ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ವಿಜ್ಞಾನ ಚೆನ್ನಾಗಿ ನಡೆದಿತ್ತು. ನಿನ್ನೆ ತಂಗಿಯು ಫೋನು ಮಾಡಿ, “ಅಕ್ಕಾ, ಹೆಣ್ಣು ಮಗು. ಮೂಗು ನಿಂದೇ ಕಣೇ” ಎಂದಷ್ಟೇ ಹೇಳಿದ್ದಾಗಿ ತಿಳಿದುಬಂದಿದೆ. ವಿಚಾರಣೆಗೆ ಕರೆದಾಗ ಬೀಗದಕ್ಕನವರು ನೀಡಿದ ಹೇಳಿಕೆ: “ನಾನೇನ್ ಮಾಡ್ಲಿ ಸಾರ್, ಬೆಳಿಗ್ಗೆ ಎದ್ದು ಹುಡುಕ್ದೆ, ಕೋಪ ಇಟ್ಟಲ್ಲಿ ಇರ್ಲಿಲ್ಲ.” ಈ ಉತ್ತರವು ತೃಪ್ತಿಕರವಾಗಿಲ್ಲ.

5. ಆದ್ದರಿಂದ, ಬೀಗದಕ್ಕನವರು ಶುಕ್ರವಾರ ಮಧ್ಯಾಹ್ನ ಒಂದು ಗಂಟೆಯವರೆಗೆ ತಂಗಿಯ ಮೇಲೆ ‘5 – ವಿಪರೀತ’ ಮಟ್ಟದ ಕೋಪವನ್ನು ಕಾಯ್ದುಕೊಂಡು ಬರತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ. ಒಂದು ಗಂಟೆಯ ನಂತರ ಅವರು ಯಾರನ್ನು ಬೇಕಾದರೂ ಪ್ರೀತಿಸಲು ವಿಭಾಗದ ಅಭ್ಯಂತರವಿರುವುದಿಲ್ಲ.

6. ಬೆಳಿಗ್ಗೆ ಒಂಬತ್ತೂವರೆ, ಹನ್ನೊಂದು ಹಾಗೂ ಮಧ್ಯಾಹ್ನ ಮೂರು ಗಂಟೆಗೆ ಸರದಿಯಲ್ಲಿರುವ ಅಧ್ಯಾಪಕರು ಸ್ಟೂಲಿನ ಬಳಿ ಹೋಗಿ, ಹೊಲಿಗೆ ಯಂತ್ರದ ವಿಷಯವನ್ನು ಆಕಸ್ಮಿಕವೆಂಬಂತೆ ಎತ್ತತಕ್ಕದ್ದು. ಎದುರು ಗೋಡೆಗೆ ಹೊಲಿಗೆ ಯಂತ್ರದ ಚಿತ್ರ ತೂಗುಹಾಕಲು ತೀರ್ಮಾನಿಸಲಾಗಿದೆ. ದಾಸ್ತಾನಿನಲ್ಲಿ ಬೆರಳಚ್ಚು ಯಂತ್ರದ ಚಿತ್ರ ಮಾತ್ರ ಲಭ್ಯವಿರುವುದರಿಂದ, ತಂಗಿ ಅದನ್ನೇ ಒಯ್ದಿದ್ದಾರೆಂದು ಭಾವಿಸಿ ಸಹಕರಿಸತಕ್ಕದ್ದು.

7. ಎರಡಕ್ಕಿಂತ ಹೆಚ್ಚು ಹಲ್ಲು ಕಾಣುವ ನಗುವಿಗೆ ಮುಂಚಿತವಾಗಿ ಲಿಖಿತ ಅನುಮತಿ ಪಡೆಯತಕ್ಕದ್ದು. ಗುನುಗುವುದನ್ನು ನಿಷೇಧಿಸಿದೆ. ಕೀಲಿಗೊಂಚಲನ್ನು ಗಿಲಕಿಯಂತೆ ಅಲ್ಲಾಡಿಸುವುದನ್ನು ಇಂದು ಬೆಳಗಿನಿಂದ ಹದಿನಾಲ್ಕು ಬಾರಿ ಗಮನಿಸಲಾಗಿದೆ. ಇದನ್ನೂ ನಿಷೇಧಿಸಿದೆ.

8. ಕಟ್ಟಡದೊಳಗೆ ಮೂಗಿನ ಪ್ರಸ್ತಾಪ ಕೂಡದು. ಮೂಗುಳ್ಳ ಸಿಬ್ಬಂದಿ ಬೀಗದಕ್ಕನವರ ಮುಂದೆ ಪಕ್ಕಕ್ಕೆ ತಿರುಗಿ ನಿಲ್ಲತಕ್ಕದ್ದಲ್ಲ. ನೆಗಡಿಯಿರುವವರು ರಜೆ ಹಾಕಬಹುದು.

9. ಕಿರಿಯ ಅಧ್ಯಾಪಕರೊಬ್ಬರನ್ನು ಶುಕ್ರವಾರದವರೆಗೆ ‘ಪ್ರಭಾರ ತಂಗಿ’ಯನ್ನಾಗಿ ನೇಮಿಸಲಾಗಿದೆ. ಬೀಗದಕ್ಕನವರ ವಸ್ತುಗಳನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗುವುದು ಅವರ ಕರ್ತವ್ಯ. ಇಂದು ಪ್ರಾಯೋಗಿಕವಾಗಿ ನೀರಿನ ಬಾಟಲಿಯನ್ನು ಒಯ್ದಾಗ, “ಕುಡೀರಿ ಸಾರ್, ಪಾಪ, ಬೆಳಿಗ್ಗೆಯಿಂದ ಮುಖ ಬಾಡಿದೆ” ಎಂಬ ಪ್ರತಿಕ್ರಿಯೆ ಬಂದಿದೆ. ಪ್ರಭಾರ ತಂಗಿಯವರು ಮೆಟ್ಟಿಲ ಮೇಲೆ ಕೂತು ಅತ್ತಿರುತ್ತಾರೆ. ತಮ್ಮ ಸ್ವಂತ ಅಕ್ಕನಿಗೆ ಫೋನು ಮಾಡಿರುತ್ತಾರೆ. ಅವರಿಂದ ವಿವರಣೆ ಕೇಳಲಾಗಿದೆ.

10. ರಜೆ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಯಿತು. ಇಂದು ಐದೂವರೆಯ ಬಸ್ಸಿಗೆ ಹೋಗಿ, ಮಗುವನ್ನು ನೋಡಿ, ನಾಳೆ ಸಂಜೆ ಮರಳುವುದಾಗಿ ಅರ್ಜಿದಾರರು ಕೋರಿದ್ದಾರೆ. ದಾಖಲೆಯ ಪ್ರಕಾರ ಅರ್ಜಿದಾರರು 412 ಜನರಾದ್ದರಿಂದ, 412 ಪ್ರತ್ಯೇಕ ಅರ್ಜಿಗಳನ್ನು ಬೇರೆ ಬೇರೆ ಕೈಬರಹದಲ್ಲಿ ಸಲ್ಲಿಸತಕ್ಕದ್ದು. ಇವರಲ್ಲಿ 190 ಮಂದಿ ಗಂಡಸರಾದ್ದರಿಂದ ‘ಚಿಕ್ಕಮ್ಮನೋ ದೊಡ್ಡಮ್ಮನೋ ಆಗಿದ್ದೇನೆ, ಖುಷಿಯಲ್ಲಿ ಲೆಕ್ಕ ತಪ್ಪುತ್ತಿದೆ’ ಎಂಬ ಕಾರಣ ಅವರಿಗೆ ಅನ್ವಯಿಸದು. ಮೂವರು ತಮಗೆ ತಂಗಿಯೇ ಇಲ್ಲವೆಂದು ಬರೆದಿದ್ದು, ಕೋಪದ ಭರದಲ್ಲಿ ಹಾಗೆ ಬರೆದದ್ದೆಂದು ಈಗ ತಿಳಿದುಬಂದಿದೆ. ಅರ್ಜಿಯನ್ನು ತಿರಸ್ಕರಿಸಲಾಗಿದೆ.

11. ಬೀಗದಕ್ಕನವರು ಹೋದಲ್ಲಿ ಅವರೊಂದಿಗೆ ಊರಿಗೆ ಊರೇ ಹೊರಟುಹೋಗುತ್ತದೆ ಎಂಬುದನ್ನು ಎಲ್ಲರೂ ಮನಗಾಣತಕ್ಕದ್ದು. ಹಿಂದಿನ ಅನುಭವವೂ ಇದೆ: ಅವರಿಗೆ ಹಲ್ಲುನೋವು ಬಂದ ವರ್ಷ ಯುವಜನರಲ್ಲಿ ಹತಾಶೆ ಹೆಚ್ಚಿದೆಯೆಂದು ವಿಭಾಗವು ಮೂರು ಲೇಖನ ಪ್ರಕಟಿಸಿ, ಒಂದು ವಿಚಾರಸಂಕಿರಣವನ್ನೂ ನಡೆಸಿತ್ತು. ಹಲ್ಲು ಕಿತ್ತ ಮೇಲೆ ಯುವಜನರು ಚೇತರಿಸಿಕೊಂಡರು.

12. ಈ ಸುತ್ತೋಲೆಯನ್ನು ಅನುಮೋದಿಸಲು ಎಲ್ಲ ಅಧ್ಯಾಪಕರೂ ಸಭಾಕೊಠಡಿಯಲ್ಲಿ ಹಾಜರಿದ್ದು, ಕೊನೆಯ ಸಹಿ ಬೀಳುವವರೆಗೆ ಯಾರೂ ಕದಲತಕ್ಕದ್ದಲ್ಲ.

(ಸಹಿ)
ವಿಭಾಗದ ಮುಖ್ಯಸ್ಥರು
ಹಾಗೂ ಅಧ್ಯಕ್ಷರು, ಕೋಪ ಸಂರಕ್ಷಣಾ ಉಪಸಮಿತಿ
ಸಹಿ ಮಾಡಿದ ಸಮಯ: 5 ಗಂಟೆ 3 ನಿಮಿಷ

ಪ್ರತಿಗಳು:

1. ಎಂಟನೆಯ ವರ್ಷದ ಸಂಶೋಧನಾ ವಿದ್ಯಾರ್ಥಿಗೆ. ಒಂಬತ್ತನೆಯ ವರ್ಷಕ್ಕೆ ಮಾನಸಿಕವಾಗಿ ಸಿದ್ಧರಾಗಲು.

2. ಪ್ರಭಾರ ತಂಗಿಯವರಿಗೆ. ಬಾಟಲಿ ಹಿಂದಿರುಗಿಸುವ ಷರತ್ತಿನೊಂದಿಗೆ.

3. ಬೀಗದಕ್ಕನವರಿಗೆ, ಖುದ್ದಾಗಿ ತಲುಪಿಸಲು. ತಲುಪಿಸಲು ಹೋದಾಗ ವಿಭಾಗದ ಏಕೈಕ ಬಾಗಿಲು, ಉಲ್ಲೇಖ (ಇ)ರ ಮೇರೆಗೆ, ಹೊರಗಿನಿಂದ ಬೀಗ ಹಾಕಿರುವುದು ಕಂಡುಬಂದಿದೆ. ಬಾಗಿಲ ಸಂದಿಯಲ್ಲಿ ಒಂದು ನಮೂನೆ ಸಿಕ್ಕಿದ್ದು, ‘ತಂಗಿಯ ಮೇಲಿನ ಕೋಪ’ ಎಂಬಲ್ಲಿ 1ರಿಂದ 5ರವರೆಗಿನ ಯಾವ ಅಂಕೆಗೂ ಗುರುತು ಹಾಕದೆ, 1ರ ಹಿಂದೆ ಪೆನ್ನಿನಲ್ಲಿ ಒಂದು ಸೊನ್ನೆ ಬರೆದು, ಅದಕ್ಕೊಂದು ಮೂಗು ಇಡಲಾಗಿದೆ. ಷರಾ: “ನೋಡ್ಕೊಂಡು ನಾಳೆ ಸಂಜೆ ಬರ್ತೀನಿ. ಕೀಲಿ ಭದ್ರವಾಗಿದೆ, ಗಾಬರಿ ಬೇಡ.”

4. ರಸ್ತೆಯಲ್ಲಿ ಹೋಗುತ್ತಿರುವ ಸಾರ್ವಜನಿಕರಿಗೆ, ಕಿಟಕಿಯ ಮೂಲಕ. ದಯವಿಟ್ಟು ಯಾರಾದರೂ ಬೀಗ ಒಡೆಯುವವರನ್ನು ಕರೆತರಲು ಕೋರಲಾಗಿದೆ. ವಿಭಾಗವು ಸಾರ್ವಜನಿಕರನ್ನು ನೇರವಾಗಿ ಮಾತನಾಡಿಸುತ್ತಿರುವುದು ಇದೇ ಮೊದಲಾದ್ದರಿಂದ, ರೀತಿ ರಿವಾಜಿನಲ್ಲಿ ತಪ್ಪಿದ್ದರೆ ಮನ್ನಿಸತಕ್ಕದ್ದು.