ಒಡ್ಡಿಗೊಂದು ನಮಸ್ಕಾರ

ರಜೆ ಮುಗಿಸಿ ಕೆಲಸಕ್ಕೆ ಮರಳುವ ವಿಷಯದಲ್ಲಿ ಮನುಷ್ಯನಿಗೂ ಅವನ ಕಾಲುಗಳಿಗೂ ಬಹಳ ವ್ಯತ್ಯಾಸವಿದೆ. ನಾನು ಅಣ್ಣಿಗೇರಿಯ ಒಂದು ಬ್ಯಾಂಕಿನಲ್ಲಿ ಕೌಂಟರಿಗೆ ಕೂಡುವವನು. ರಜೆ ಮುಗಿಸಿ ಬಂದ ದಿನ ಮೊದಲು ಒಂದು ನಿಟ್ಟುಸಿರು, ಆಮೇಲೆ ಒಂದು ಚಹಾ, ಆಮೇಲೆ ಟೇಬಲ್ ಫ್ಯಾನಿನ ಮುಖವನ್ನು ನನ್ನ ಕಡೆ ತಿರುಗಿಸುವ ಪ್ರಯತ್ನ. ಕೆಲಸವೇನಿದ್ದರೂ ಮಧ್ಯಾಹ್ನದ ಮೇಲಿನ ಮಾತು. ಮರುದಿನ ಎಲ್ಲ ಸರಿಹೋಗುತ್ತದೆ. ಕಾಲುಗಳದು ಹಾಗಲ್ಲ. ರಜೆ ಮುಗಿದ ಮೊದಲ ದಿನ ಅವು ಕುಣಿಯುತ್ತ ಬರುತ್ತವೆ, ಹೇಳಿದ್ದಕ್ಕಿಂತ ಹೆಚ್ಚೇ ದುಡಿಯುತ್ತವೆ, ಭೇಷ್ ಅನ್ನಿಸಿಕೊಳ್ಳುತ್ತವೆ. ಮರುದಿನ ಬೆಳಿಗ್ಗೆ ಯಾವ ಮುನ್ಸೂಚನೆಯೂ ಇಲ್ಲದೆ ಮುಷ್ಕರ ಹೂಡುತ್ತವೆ.

ನಾನು ಓಡಲು ಶುರು ಮಾಡಿ ಬಹಳ ಕಾಲವಾಗಿಲ್ಲ. ಡಾಕ್ಟರು ನನ್ನ ಹೊಟ್ಟೆಯನ್ನು ಕಲ್ಲಂಗಡಿ ಪರೀಕ್ಷಿಸುವವರಂತೆ ಎರಡು ಬಾರಿ ತಟ್ಟಿ ತಲೆಯಾಡಿಸಿದ ಮೇಲೆ ಒಂದು ಜೊತೆ ಬೂಟು ತಂದೆ. ನಮ್ಮ ಊರಿನಲ್ಲಿ ಓಡುವ ಮನುಷ್ಯನಿಗೆ ಮೂರೇ ಕಾರಣ ಇರಬಹುದು: ಬಸ್ಸು ತಪ್ಪಿರಬೇಕು, ಎಮ್ಮೆ ಹಗ್ಗ ಹರಿದುಕೊಂಡಿರಬೇಕು, ಇಲ್ಲವೇ ಯಾರದೋ ಮನೆಯಲ್ಲಿ ಏನೋ ಆಗಿರಬೇಕು. ಹೀಗಾಗಿ ಮೊದಮೊದಲು ನಾನು ಓಡುತ್ತಿದ್ದರೆ ಹಿಂದಿನಿಂದ ಬಂದವರೆಲ್ಲ ಗಾಡಿ ನಿಲ್ಲಿಸಿ, "ಹತ್ರಿ ಸಾಹೇಬ್ರ, ಕ್ರಾಸಿಗೆ ಬಿಡ್ತೀನಿ" ಅನ್ನುತ್ತಿದ್ದರು. ಎರಡು ಸಲ, ಅವರ ಮನಸ್ಸು ನೋಯಿಸಬಾರದೆಂದು, ಹತ್ತಿಯೂ ಬಿಟ್ಟೆ. ನಮ್ಮ ಕಾಕಾ ಅಂತೂ ಕಟ್ಟೆಯ ಮೇಲೆ ಕೂತು ದಿನಾ ಕೇಳುತ್ತಿದ್ದರು, "ಬಸ್ಯಾ, ಯಾರೂ ಬೆನ್ನ ಹತ್ತಿಲ್ಲಲ್ಲೋ, ಯಾಕ ಓಡ್ತಿ?" ಆದರೂ ಬಿಡದೆ ಓಡಿದೆ. ಕೊನೆಗೆ ಊರು ಸೋತು ನನ್ನನ್ನು ಓಡುವವನೆಂದು ಒಪ್ಪಿಕೊಂಡಿತು. ಒಪ್ಪಿಕೊಂಡ ಮೇಲೆ ನನಗೆ ಸ್ವಲ್ಪ ಗರ್ವವೂ ಬಂತು. ಚಹಾದಂಗಡಿಯ ಮುಂದೆ ಬೂಟಿನ ದಾರ ಕಟ್ಟಿಕೊಳ್ಳಲು ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಲ್ಲತೊಡಗಿದೆ.

ಈ ವರ್ಷ ದಸರೆಯ ಹೊತ್ತಿಗೆ ಮಳೆ ಹಿಡಿಯಿತು. ನಮ್ಮ ಕಡೆಯ ಎರೆಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಅಂಟು. ನಾಲ್ಕು ಹೆಜ್ಜೆ ಇಟ್ಟರೆ ಬೂಟಿನ ಅಡಿಗೆ ಇನ್ನೊಂದು ಬೂಟು, ಅದರ ಅಡಿಗೆ ಮತ್ತೊಂದು. ಮನುಷ್ಯ ನಿಂತಲ್ಲೇ ಎತ್ತರವಾಗುತ್ತ ಹೋಗುತ್ತಾನೆ, ಮುಂದೆ ಮಾತ್ರ ಹೋಗುವುದಿಲ್ಲ. ಓಟಕ್ಕೆ ರಜೆ ಕೊಟ್ಟೆ. ಒಳಗೆ ನನ್ನ ಹೆಂಡತಿ ಗಿರಿಜಾ ಹೋಳಿಗೆ ಮಾಡುತ್ತಿದ್ದಳು. ರಜೆ ಚೆನ್ನಾಗಿಯೇ ಕಳೆಯಿತು.

ಅಷ್ಟರಲ್ಲಿ ಸೀಗಿ ಹುಣ್ಣಿಮೆ ಬಂತು. ಆ ದಿನ ಬೆಳೆದು ನಿಂತ ಹೊಲ ನಮಗೆ ಬಸುರಿ ಹೆಣ್ಣುಮಗಳು. ಅವಳ ಬಯಕೆಗೆಂದು ಕಡಬು, ಹೋಳಿಗೆ, ರೊಟ್ಟಿ, ಪಲ್ಯ, ಅನ್ನ ಎಲ್ಲ ಮಾಡಿಕೊಂಡು ಹೋಗಿ, ಪೂಜೆಯಾದ ಮೇಲೆ ಒಂದು ಬುಟ್ಟಿಯಲ್ಲಿ ಕಲಸಿ, ಮನೆಯ ಗಂಡಸೊಬ್ಬ ಹೊಲದ ಸುತ್ತ ಚೆಲ್ಲುತ್ತ ಹೋಗಬೇಕು. ಅದೇ ಚರಗ. ಮುಂದಿನವನು "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದೆ ನೀರು ಚಿಮುಕಿಸುತ್ತ ಬರುವವನು "ಚಲ್ಲಂಬರಿಗೋ" ಎಂದು ಓಗೊಡಬೇಕು. ಒಂದು ಮೂಲೆಯನ್ನೂ ಬಿಡುವಂತಿಲ್ಲ. ಬಸುರಿಯನ್ನು ಊಟಕ್ಕೆ ಕೂರಿಸಿ ಅರ್ಧಕ್ಕೆ ಎಬ್ಬಿಸುವುದುಂಟೇ?

ನನಗೆ ಬುದ್ಧಿ ಬಂದಾಗಿನಿಂದ ಆ ಬುಟ್ಟಿ ಕಾಕಾನ ಕೈಯಲ್ಲೇ ಇತ್ತು. ಈಚಿನ ವರ್ಷಗಳಲ್ಲಂತೂ ಅವರ ಭಕ್ತಿ ಎಷ್ಟು ಬೆಳೆದಿತ್ತೆಂದರೆ, ಹೊಲಕ್ಕೆ ಅಡ್ಡಲಾಗಿ ಹಾಕಿದ ಒಂದೊಂದು ಮಣ್ಣಿನ ಒಡ್ಡಿಗೂ ಬಾಗಿ, ಹಣೆ ಹಚ್ಚಿ ನಮಸ್ಕಾರ ಮಾಡಿಯೇ ದಾಟುತ್ತಿದ್ದರು. ನೋಡಿದ ಹೆಣ್ಣುಮಕ್ಕಳು ಸೆರಗು ಹಿಡಿದು ಕೈಮುಗಿಯುತ್ತಿದ್ದರು. ಈ ಸಲ ಅವರ ಮೊಣಕಾಲು ತೀರಾ ಹದಗೆಟ್ಟು, ಹೊಲ ಸುತ್ತಬೇಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಕಾಕಾ ನನ್ನನ್ನು ಕರೆದು, "ಈ ಸಲ ಚರಗ ನೀ ಚೆಲ್ಲಪಾ. ಊರ ತುಂಬ ಓಡ್ತೀಯಲ್ಲಾ, ಒಮ್ಮೆ ಹೊಲಕ್ಕೂ ಉಪಯೋಗಾಗ್ಲಿ. ನಿನ್ನ ಕೈಲಿ ಆಗಲಿಲ್ಲಂದ್ರ ಹೇಳು, ಕೋಲ ಹಿಡಕೊಂಡು ನಾನ ಹೋಗ್ತೀನಿ" ಅಂದರು. ಓಡುವವನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ರಜೆಯಲ್ಲಿ ಜಡ್ಡುಗಟ್ಟಿದ ಕಾಲು ಸಡಿಲಾಗಲೆಂದು ಹುಣ್ಣಿಮೆಯ ಹಿಂದಿನ ದಿನ ಬೂಟು ಹಾಕಿದೆ.

"ಭಾಳ ದಿನಾ ಬಿಟ್ಟೀರಿ, ಸಾವಕಾಶ ಸುರು ಮಾಡ್ರಿ" ಅಂದಳು ಗಿರಿಜಾ. ಕಾಲುವೆಯ ದಂಡೆ ಒಣಗಿ ಚಂದ ಕಾಣುತ್ತಿತ್ತು. ಮೊದಲು ಎಲ್ಲಿಂದ ತಿರುಗಿ ಬರುತ್ತಿದ್ದೆನೋ ಅದನ್ನು ದಾಟಿ ಮುಂದೆ ಹೋದೆ, ಬರುವಾಗ ಚಹಾದಂಗಡಿ ಕಂಡು ವೇಗ ಹೆಚ್ಚಿಸಿದೆ. ಕಾಲುಗಳು ಭೇಷ್ ಅನ್ನಿಸಿಕೊಂಡವು.

ಹುಣ್ಣಿಮೆಯ ಬೆಳಿಗ್ಗೆ ಎದ್ದಾಗ ನನ್ನ ಸೊಂಟದಿಂದ ಕೆಳಗೆ ಯಾರೋ ಎರಡು ಜಾಲಿಯ ಕೊರಡು ಜೋಡಿಸಿಟ್ಟು ಹೋಗಿದ್ದರು. ನಮ್ಮ ಮನೆಯ ಪಾಯಖಾನೆ ಹಳೆಯ ಮಾದರಿಯದು, ಕುಕ್ಕರಗಾಲಲ್ಲಿ ಕೂಡುವಂಥದ್ದು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೂಡುವುದು ನನ್ನ ಕೈಯಲ್ಲಿತ್ತು, ಏಳುವುದು ನಳದ ಕೈಯಲ್ಲಿತ್ತು. ಪಡಸಾಲೆಯ ಮೆಟ್ಟಿಲನ್ನು ಮುಖ ಮುಂದೆ ಮಾಡಿ ಇಳಿಯಲಾಗದೆ ಹಿಮ್ಮುಖವಾಗಿ ಇಳಿಯುತ್ತಿದ್ದಾಗ ಗಿರಿಜಾ ನೋಡಿದಳು.

"ಇದ್ಯಾಕ್ರಿ ಹಿಂಗ?"

"ಹಬ್ಬದ ದಿನಾ ದೇವ್ರ ಖೋಲಿಗೆ ಬೆನ್ನ ತೋರಸಬಾರ್ದು."

"ಇಷ್ಟ ವರ್ಷ ತೋರಿಸಿದ್ರಲ್ಲಾ."

ಅವಳ ಮುಖದಲ್ಲಿ ಅನುಮಾನ ಕಂಡಿತು. ನಿಜ ಹೇಳಿದರೆ ಅದು ಕಾಕಾನ ಕಿವಿಗೆ ಬೀಳುತ್ತದೆ, ಅವರು ಕೋಲು ಹಿಡಿದು ಹೊರಡುತ್ತಾರೆ. ಹೊಲಕ್ಕೆ ಹೊರಟು ನಿಂತಿದ್ದ ಟ್ರ್ಯಾಕ್ಟರಿನ ಕಡೆ ನಡೆದೆ. ಹತ್ತಲು ಆಗದೆ ಟ್ರಾಲಿಯ ಅಂಚಿಗೆ ಎದೆ ಕೊಟ್ಟು, ಕಡಬಿನ ಬುಟ್ಟಿಯ ಬಾಜೂಕೆ ಹೊರಳಿ ಬಿದ್ದೆ.

ಹೊಲದಲ್ಲಿ ಬನ್ನಿ ಗಿಡದ ಕೆಳಗೆ ಪೂಜೆಯಾಯಿತು. ಕಾಕಾ ಬುಟ್ಟಿಯನ್ನು ಹಣೆಗೊತ್ತಿಕೊಂಡು ನನ್ನ ಕೈಗಿಟ್ಟರು. ಬಿಡುವಾಗ ಅವರ ಬೆರಳು ಒಂದು ಗಳಿಗೆ ಬುಟ್ಟಿಯ ಮೇಲೇ ಉಳಿದವು. ನೀರಿನ ತಂಬಿಗೆ ಹಿಡಿದು ನನ್ನ ಹಿಂದೆ ಬಂದವನು, ನಮ್ಮ ಹೊಲವನ್ನು ಪಾಲಿಗೆ ಮಾಡುವ ಯಲ್ಲಪ್ಪ. ನಾನು ಮೊದಲ ಹೆಜ್ಜೆ ಇಟ್ಟು ಕೂಗಿದೆ. ಆ "ಗೋ"ದಲ್ಲಿ ನನ್ನ ಎರಡೂ ತೊಡೆಗಳ ಅಹವಾಲು ಸೇರಿಕೊಂಡಿತ್ತು. ಅದು ಎಷ್ಟು ದೀರ್ಘವಾಗಿ, ಎಷ್ಟು ಆರ್ತವಾಗಿ ಬಂತೆಂದರೆ ಮೆಣಸಿನ ಗಿಡದೊಳಗಿನ ಹಕ್ಕಿಗಳು ಎದ್ದು ಹೋದವು.

"ದನಿ ಬೇಷ್ ಐತ್ರಿ ಬಸಣ್ಣಾರ, ಕಾಲ ಯಾಕ ಬರವಲ್ವು?" ಅಂದ ಯಲ್ಲಪ್ಪ. ಇನ್ನಷ್ಟು ದೂರ ಹೋದ ಮೇಲೆ, "ಬ್ಯಾಂಕಿನ್ಯಾಗ ಪಾಳಿ ಯಾಕ ಮುಂದ ಸರಿಯೂದಿಲ್ಲ ಅಂತ ಈಗ ತಿಳೀತ್ರಿ" ಅಂದ.

ಅಷ್ಟರಲ್ಲಿ ಎದುರಿಗೆ ಮೊದಲನೆಯ ಒಡ್ಡು ಬಂದಿತ್ತು. ಎತ್ತರವೇನಲ್ಲ, ಮೊಣಕಾಲಿನಷ್ಟು. ಕಾಲೆತ್ತಲು ಹೇಳಿದೆ, ಕಾಲು ಕೇಳಲಿಲ್ಲ. ಬನ್ನಿ ಗಿಡದ ಕೆಳಗಿನಿಂದ ಎಲ್ಲರೂ ನೋಡುತ್ತಿದ್ದರು. ನಾನು ನಿಂತದ್ದು ಕಂಡು ಕಾಕಾ ಕೂತಿದ್ದ ಕಲ್ಲಿನ ಮೇಲಿಂದ ಕೋಲೂರಿ ಎದ್ದರು. ಒಂದು ಹೆಜ್ಜೆ ನಮ್ಮ ಕಡೆ ಇಟ್ಟೇ ಬಿಟ್ಟರು. ಆ ಮೊಣಕಾಲಿನಲ್ಲಿ ಅವರು ಈ ಹೊಲ ಸುತ್ತಿದರೆ ಮನೆಗೆ ಹೊತ್ತುಕೊಂಡೇ ಒಯ್ಯಬೇಕು. ಆಗ ಅವರ ನಮಸ್ಕಾರವೇ ನೆನಪಾಯಿತು. ಬುಟ್ಟಿಯನ್ನು ಒಡ್ಡಿನ ಮೇಲಿಟ್ಟು, ಎರಡೂ ಕೈ ಊರಿ ಬಾಗಿ, ಹಣೆ ಹಚ್ಚಿದೆ. ಮೈಭಾರವೆಲ್ಲ ಒಡ್ಡಿಗೆ ಬಿದ್ದಾಗ ಕಾಲುಗಳು ಒಂದರ ಹಿಂದೊಂದು, ಮನಸ್ಸಿಲ್ಲದ ಮನಸ್ಸಿನಿಂದ, ಆಚೆ ಬಂದವು. ತಿರುಗಿ ನೋಡಿದೆ. ಹೆಣ್ಣುಮಕ್ಕಳು ಕೈಮುಗಿದಿದ್ದರು. ಕಾಕಾ ಮತ್ತೆ ಕೂತಿದ್ದರು.

ಮುಂದಿನದೆಲ್ಲ ಹೀಗೆಯೇ ಸಾಗಿತು. ಒಡ್ಡಿಗೊಂದು ನಮಸ್ಕಾರ, ನಮಸ್ಕಾರಕ್ಕೊಂದು ನರಳಾಟ. ನರಳಾಟವನ್ನು ಕೂಗಿನಲ್ಲಿ ಸೇರಿಸಿಬಿಡುತ್ತಿದ್ದೆ. ದೂರದ ಮೂಲೆಯನ್ನೂ ಬಿಡಲಿಲ್ಲ. ಬುಟ್ಟಿ ಬರಿದು ಮಾಡಿಕೊಂಡು ಗಿಡದ ಕೆಳಗೆ ಬಂದಾಗ ಗಿರಿಜಾಳ ಕಣ್ಣಿನಲ್ಲಿ ನಮ್ಮ ಮದುವೆಯಲ್ಲೂ ಕಾಣದಿದ್ದ ಗೌರವ ಕಂಡಿತು.

ಊಟಕ್ಕೆ ನೆಲದ ಮೇಲೆ ಕೂಡಬೇಕಲ್ಲ ಎಂದು "ನಾ ಬಡಸ್ತೀನಿ, ನೀವು ಕೂಡ್ರಿ" ಅಂದೆ. ಅದಕ್ಕೂ ಹೊಗಳಿಕೆ ಬಂತು. ಕಾಕಾ ಬಿಡಲಿಲ್ಲ, "ಬಾ, ನನ್ನ ಬಾಜೂಕ ಕೂಡು" ಎಂದು ಕೈಹಿಡಿದು ಎಳೆದರು. ಕೂತೆ ಅನ್ನುವುದಕ್ಕಿಂತ ಬಿದ್ದೆ ಅನ್ನಬೇಕು. ಉಂಡೆವು. ಉಳಿದವರೆಲ್ಲ ಎದ್ದು ಪಾತ್ರೆ ತುಂಬಿಕೊಂಡು ಟ್ರ್ಯಾಕ್ಟರಿನ ಕಡೆ ಹೋದರು. ನಾವಿಬ್ಬರೇ ಗಿಡದ ಕೆಳಗೆ ಉಳಿದೆವು.

"ಏಳಪಾ," ಅಂದರು ಕಾಕಾ.

"ಹಿರಿಯರು ನೀವು. ಮೊದ್ಲ ನೀವು ಏಳ್ರಿ ಕಾಕಾ."

"ನಾ ಆಮ್ಯಾಲ ಏಳ್ತೀನಿ. ನೀ ಏಳು."

ಇಬ್ಬರೂ ಏಳಲಿಲ್ಲ. ಕಾಕಾ ತಣ್ಣಗೆ ಕೇಳಿದರು, "ಎಲ್ಲಿ ಹಿಡದೈತಿ? ತೊಡ್ಯಾಗೋ, ಮೀನಖಂಡದಾಗೋ?"

ನನ್ನ ಕೈ ತಾನಾಗಿಯೇ ತೊಡೆಯ ಮೇಲೆ ಹೋಯಿತು.

"ಮೊದಲನೇ ಒಡ್ಡಿನ್ಯಾಗ ನನಗ ತಿಳೀತು. ಇಷ್ಟ ವರ್ಷ ನಾ ಯಾಕ ನಮಸ್ಕಾರ ಮಾಡ್ತಿದ್ದೆ ಅಂತ ತಿಳದಿ? ಈ ಮೊಣಕಾಲ ಮ್ಯಾಲೇಳತಿದ್ದಿಲ್ಲಲೇ. ಮಂದಿ ಭಕ್ತಿ ಅಂದ್ರು, ಅನ್ನಲಿ ಅಂತ ಬಿಟ್ಟೆ."

ನಗು ಬಂದರೆ ತೊಡೆ ನೋಯುತ್ತಿತ್ತು, ಆದರೂ ತಡೆಯಲಾಗಲಿಲ್ಲ. ಇಬ್ಬರೂ ನಕ್ಕೆವು. ಕೊನೆಗೆ ಒಬ್ಬರ ಭುಜ ಒಬ್ಬರು ಹಿಡಿದು, ಎರಡು ಸಲ ಕುಸಿದು, ಮೂರನೆಯ ಸಲಕ್ಕೆ ಎದ್ದು ನಿಂತೆವು. ಎದ್ದ ಮೇಲೆ ಕಾಕಾ ಅಂದರು, "ನನಗ ಸಮಾಧಾನಾತು ಬಸ್ಯಾ. ಬುಟ್ಟಿ ಸರಿಯಾದ ಕೈಯಾಗ ಹೋಗೇತಿ. ಇದನ್ನ ಮನ್ಯಾಗ ಮಾತ್ರ ಹೇಳಬ್ಯಾಡ."

ಹೇಳಿಲ್ಲ. ಕಾಲುಗಳು ನಾಲ್ಕು ದಿನ ಮುನಿಸಿಕೊಂಡು, ಆಮೇಲೆ ತಾವಾಗಿಯೇ ಕೆಲಸಕ್ಕೆ ಬಂದವು. ಈಗ ಮತ್ತೆ ದಿನಾ ಓಡುತ್ತೇನೆ, ಕಾಲುವೆಯ ಬದಿಯ ಕಲ್ಲುಗಳನ್ನು ಸಲೀಸಾಗಿ ಹಾರುತ್ತೇನೆ. ಚಿಂತೆ ಇರುವುದು ಮುಂದಿನ ಸೀಗಿ ಹುಣ್ಣಿಮೆಯದು. ಒಡ್ಡಿಗೆ ಹಣೆ ಹಚ್ಚುವುದು ನಮ್ಮ ಮನೆತನದ ಪದ್ಧತಿ ಎಂದು ಗಿರಿಜಾ ಆಗಲೇ ಬೀಗರಿಗೆಲ್ಲ ಹೇಳಿ ಮುಗಿಸಿದ್ದಾಳೆ. ಕಾಲು ಚೆನ್ನಾಗಿದೆಯೆಂದು ಆ ದಿನ ನಾನು ಮರೆತು ಒಡ್ಡು ಹಾರಿಬಿಟ್ಟರೆ, ಕಾಕಾನ ಅಷ್ಟು ವರ್ಷದ ಭಕ್ತಿಯೂ ಅದರ ಜೊತೆ ಹಾರಿಹೋಗುತ್ತದೆ. ಅದಕ್ಕೇ ದಸರೆ ಬಂದ ಕೂಡಲೇ, ಮಳೆ ಇರಲಿ ಬಿಡಲಿ, ಓಟಕ್ಕೆ ರಜೆ ಕೊಟ್ಟು ಹೋಳಿಗೆಗೆ ಕೂಡುವುದು, ಹುಣ್ಣಿಮೆಯ ಹಿಂದಿನ ದಿನ ಒಮ್ಮೆಲೇ ಬೂಟು ಹಾಕಿ ದೂರ ಓಡುವುದು ಎಂದು ತೀರ್ಮಾನಿಸಿದ್ದೇನೆ. ಭಕ್ತಿಯ ವಿಷಯದಲ್ಲಿ ನಾನು ತಯಾರಿಯಿಲ್ಲದೆ ಹೋಗುವವನಲ್ಲ.