ಮಾವನ ಯುದ್ಧದಲ್ಲಿ ಯಾರೂ ಸಾಯುವುದಿಲ್ಲ

ನನ್ನ ಸೋದರಮಾವ ಇದುವರೆಗೆ ನೂರಾರು ಸೈನಿಕರ ಪ್ರಾಣ ಉಳಿಸಿದ್ದಾರೆ. ಬಂದೂಕು ಹಿಡಿದಲ್ಲ, ಗೋಂದಿನ ಬಾಟಲಿ ಹಿಡಿದು! ದೆಹಲಿಯ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ಊಟದ ಮೇಜಿನೆದುರು ಲುಂಗಿಯುಟ್ಟು ಕುಳಿತು ಅವರು ಗೆದ್ದಷ್ಟು ಯುದ್ಧಗಳನ್ನು ಯಾವ ಸೇನಾಪತಿಯೂ ಗೆದ್ದಿರಲಾರ. ಹಾಗೆಂದು ಅವರನ್ನು ಶೂರರೆಂದು ತಿಳಿಯಬೇಡಿ. ಬಾಲ್ಕನಿಗೆ ಕೋತಿ ಬಂದರೆ ಎಲ್ಲರಿಗಿಂತ ಮೊದಲು ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಳ್ಳುವವರು ಅವರೇ. ಪೊರಕೆ ಹಿಡಿದು ಕೋತಿ ಓಡಿಸುವುದು ಅತ್ತೆ. ‘ಹೋಯ್ತಾ?’ ಎಂದು ಒಳಗಿನಿಂದ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೇ ಮಾವ ಹೊರಬರುತ್ತಾರೆ.

ಮಾವ ಕೇಂದ್ರ ಸರ್ಕಾರದ ಯಾವುದೋ ಇಲಾಖೆಯಲ್ಲಿ ಸೆಕ್ಷನ್ ಆಫೀಸರ್. ಅವರ ಹುಚ್ಚು, ಯುದ್ಧಸಾಹಸದ ಕಾಮಿಕ್ಸ್. ನಾನು ಮೊದಲ ಸಲ ದೆಹಲಿಗೆ ಬಂದಾಗ ಸ್ಟೇಷನ್ನಿನಿಂದ ಕರೆತರಲು ಸಿಗದ ರಜೆ, ಹೊಸ ಸಂಚಿಕೆ ಬಿಡುಗಡೆಯಾಗುವ ದಿನ ಮಾತ್ರ ತಪ್ಪದೆ ಸಿಗುತ್ತದೆ! ಕರೋಲ್ ಬಾಗಿನ ಸಂದಿಯೊಂದರಲ್ಲಿರುವ ಪುಸ್ತಕದಂಗಡಿಯ ಭಯ್ಯಾ ಕಟ್ಟು ಬಿಚ್ಚುವ ಮೊದಲೇ ಅಲ್ಲಿ ಹೋಗಿ ನಿಂತಿರುತ್ತಾರೆ. ಕೊಳ್ಳುವ ಮುಂಚೆ ಮುಖಪುಟದ ಟ್ಯಾಂಕಿನ ಚಕ್ರಗಳನ್ನು ಎಣಿಸಬೇಕು. ಒಮ್ಮೆ ಒಂದು ಚಕ್ರ ಕಡಿಮೆಯಿತ್ತಂತೆ. ಇಂಥ ಟ್ಯಾಂಕು ಹತ್ತು ಹೆಜ್ಜೆಯೂ ಹೋಗುವುದಿಲ್ಲ ಎಂದು ಅರ್ಧ ಗಂಟೆ ಭಾಷಣ ಬಿಗಿದರು. ಅದನ್ನು ಬರೆದವನು ನಾನಲ್ಲ ಅಂಕಲ್‌ಜೀ, ನನ್ನದು ಬರೀ ಅಂಗಡಿ ಎಂದು ಭಯ್ಯಾ ಕೈಮುಗಿದ ಮೇಲೆಯೇ ಬಿಟ್ಟದ್ದು.

ಇಷ್ಟಕ್ಕೇ ಮುಗಿದಿದ್ದರೆ ಒಳ್ಳೆಯದಿತ್ತು. ಆದರೆ ಮಾವನ ತೊಡೆಯ ಮೇಲೆ ಕುಳಿತು ಚಕ್ರ ಎಣಿಸುತ್ತ ಬೆಳೆದ ಅವರ ಒಬ್ಬನೇ ಮಗ, ಓದು ಮುಗಿಸಿದವನೇ ಸೈನ್ಯ ಸೇರಿಬಿಟ್ಟ! ಈಗ ಹಿಮದ ನಡುವಿನ ಯಾವುದೋ ಚೌಕಿಯಲ್ಲಿದ್ದಾನೆ. ಸಿಗ್ನಲ್ ಸಿಕ್ಕರೆ ಭಾನುವಾರ ಫೋನ್ ಮಾಡುತ್ತಾನೆ. ಅವನು ಹೊರಟ ದಿನ ಅತ್ತೆ ಅಳಲಿಲ್ಲ, ಕೂಗಾಡಲಿಲ್ಲ. ಕಪಾಟಿನಲ್ಲಿದ್ದ ಕಾಮಿಕ್ಸ್ ರಾಶಿಯನ್ನು ತಂದು ಮಾವನ ಮುಂದೆ ಹಾಕಿ ಶಿಕ್ಷೆ ವಿಧಿಸಿದರು.

“ನನ್ನ ಮಗನ ತಲೆ ಕೆಡಿಸಿದ್ದು ಇವೇ. ಅವನು ಹೋಗಿರೋ ಕಡೆ ಏನೇನಾಗತ್ತೆ ಅಂತ ನನಗೂ ತಿಳೀಬೇಕು. ಕನ್ನಡದಲ್ಲಿ ಬರೆದು ಕೊಡಿ.”

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಅವರ ಹಿಂದಿ ತರಕಾರಿ ಗಾಡಿಯವರೆಗೆ ಹೋಗಿ ವಾಪಸು ಬರುತ್ತದೆ. ಹೀಗಾಗಿ ಮಾವ ಬಿಳಿ ಕಾಗದ ಕತ್ತರಿಸಿ, ಸೈನಿಕರ ಬಾಯಿಂದ ಹೊರಟ ಒಂದೊಂದು ಮಾತಿನ ಗುಳ್ಳೆಯ ಮೇಲೂ ಕನ್ನಡದ ಚೀಟಿ ಅಂಟಿಸಲು ಕುಳಿತರು.

ನಾನು ವಸಂತ್ ಕುಂಜದ ಕಡೆಯ ವಿಶ್ವವಿದ್ಯಾಲಯದಲ್ಲಿ ಭಾಷಾಂತರದ ಬಗ್ಗೆ ಸಂಶೋಧನೆ ಮಾಡುವವಳು. ಹಾಸ್ಟೆಲ್ಲಿನ ರಾಜ್ಮಾ ತಿಂದು ಬೇಸತ್ತು ಭಾನುವಾರ ಭಾನುವಾರ ಅತ್ತೆಯ ಸಾರಿಗಾಗಿ ಬರುತ್ತೇನೆ. ಬಂದಾಗಲೆಲ್ಲ ಮಾವನ ಅನುವಾದ ಓದಿ ಹೊಟ್ಟೆ ಹಿಡಿದು ನಗುತ್ತಿದ್ದೆ. ಜೀವಮಾನವೆಲ್ಲ ಕಡತ ಬರೆದ ಕೈ ಅಲ್ಲವೇ? ಪಿಸ್ತೂಲು ಗುರಿಯಿಟ್ಟ ಶತ್ರು ಹೇಳುತ್ತಾನೆ: ‘ತಾವು ಈ ಕೂಡಲೇ ಶರಣಾಗತಕ್ಕದ್ದು. ತಪ್ಪಿದಲ್ಲಿ ಸೂಕ್ತ ಕ್ರಮ ಜರುಗಿಸಲಾಗುವುದು.’ ಇಂಥ ಶತ್ರುವಿಗೆ ಯಾರಾದರೂ ಹೆದರುತ್ತಾರೆಯೇ? ಒಂದು ಅರ್ಜಿ ಬರೆದುಕೊಟ್ಟು ಮನೆಗೆ ಹೋಗುತ್ತಾರೆ!

ಅದಾದರೂ ಸಹಿಸಬಹುದು. ಸಾವು ಬಂದಲ್ಲೆಲ್ಲ ಮಾವ ಸಾರಾಸಗಟಾಗಿ ಸುಳ್ಳು ಬರೆಯುತ್ತಿದ್ದರು. ಎದೆಗೆ ಗುಂಡು ತಿಂದವನು, ‘ಕೊಂಚ ಆಯಾಸವಾಗಿದೆ. ಊಟದ ನಂತರ ಕರ್ತವ್ಯಕ್ಕೆ ಹಾಜರಾಗುತ್ತೇನೆ’ ಎನ್ನುತ್ತಾನೆ. ಹೊತ್ತಿ ಉರಿಯುತ್ತ ಬೀಳುತ್ತಿರುವ ವಿಮಾನದಿಂದ, ‘ಇಳಿಯಲು ಒಳ್ಳೆಯ ಜಾಗ ಸಿಕ್ಕಿತು’ ಎಂಬ ಸಮಾಧಾನದ ಮಾತು! ಅತ್ತೆಗೇನು ಕಣ್ಣಿಲ್ಲವೇ? ಚಿತ್ರದಲ್ಲಿ ರಕ್ತ ಕಾಣುವುದಿಲ್ಲವೇ? ಆದರೂ ಅವರು ಕನ್ನಡಕ ಹಾಕಿಕೊಂಡು ಒಂದೊಂದು ಪುಟವನ್ನೂ ಓದುತ್ತಿದ್ದರು. ಒಮ್ಮೆ ಮಾತ್ರ, ಯುದ್ಧದಲ್ಲಿ ಇಷ್ಟೊಂದು ಜನ ಹಗಲುಹೊತ್ತೇ ಮಲಗುತ್ತಾರಲ್ಲ ಎಂದು ತಣ್ಣಗೆ ಹೇಳಿ ಪುಟ ಮಗುಚಿದ್ದರು.

ಮಾವನಿಗೆ ಸತ್ಯ ಹೇಳುವ ಧೈರ್ಯವಿಲ್ಲ, ಹೆಂಡತಿಗೆ ಹೆದರುತ್ತಾರೆ ಎಂಬುದು ನನ್ನ ತೀರ್ಪು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

“ಮಾವ, ಮೂಲಕ್ಕೆ ನಿಷ್ಠೆ ಅಂತ ಒಂದಿರತ್ತೆ. ಇದು ಅನುವಾದ ಅಲ್ಲ, ಅಪರಾಧ.”

“ಈ ವಿಷಯದಲ್ಲಿ ಸಕ್ಷಮ ಪ್ರಾಧಿಕಾರ ನಾನು,” ಎಂದರು ಮಾವ. “ನೀನು ಸಾರು ಕುಡಿ.”

ಹೋದ ತಿಂಗಳು ಮಾವನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ಓದುವಂತಿಲ್ಲ, ಬರೆಯುವಂತಿಲ್ಲ. ಹೊಸ ಸಂಚಿಕೆ ಬಿಡುಗಡೆಯಾದದ್ದೂ ಆ ವಾರವೇ! ಕರೋಲ್ ಬಾಗಿಗೆ ನಾನೇ ಹೋಗಿ ತಂದೆ. ಆದರೆ ಈ ಸಲ ಚಕ್ರ ಎಷ್ಟಿವೆಯೆಂದು ಮಾವ ಕೇಳಲೇ ಇಲ್ಲ. ಎರಡು ಭಾನುವಾರಗಳಿಂದ ಮಗನ ಫೋನ್ ಬಂದಿರಲಿಲ್ಲ. ಮೂರನೆಯ ಭಾನುವಾರವೂ ಮಧ್ಯಾಹ್ನ ಕಳೆದಿತ್ತು. ಅತ್ತೆ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು.

ಚೀಟಿಯ ಕೆಲಸ ಆ ದಿನ ನನ್ನ ಪಾಲಿಗೆ ಬಂತು: ಚಿತ್ರದಲ್ಲಿ ಏನಿದೆಯೆಂದು ನಾನು ಹೇಳಬೇಕು, ಮಾವ ಕನ್ನಡದಲ್ಲಿ ಹೇಳಿದ್ದನ್ನು ಬರೆದು ಅಂಟಿಸಬೇಕು. ಕತೆ ಹಿಮದ ಚೌಕಿಯೊಂದರದು. ಹೇಗೋ ಕೊನೆಯ ಪುಟದವರೆಗೆ ಬಂದೆವು. ಅಲ್ಲಿ ಎಳೆಯ ಮುಖದ ಸೈನಿಕನೊಬ್ಬ ಹಿಮದ ಮೇಲೆ ಬಿದ್ದಿದ್ದ. ಹೆಲ್ಮೆಟ್ ಪಕ್ಕಕ್ಕೆ ಉರುಳಿತ್ತು. ಕಣ್ಣು ತೆರೆದೇ ಇತ್ತು.

“ಏನಾಗಿದೆ ಅವನಿಗೆ?” ಎಂದರು ಮಾವ.

ಮೂಲನಿಷ್ಠೆಯ ಬಗ್ಗೆ ಅಧ್ಯಾಯಗಟ್ಟಲೆ ಬರೆದ ನಾನು ಆ ಚಿತ್ರದ ಮೇಲೆ ಅಂಗೈ ಇಟ್ಟು ಮುಚ್ಚಿದೆ. ಮಾವನ ಕೈ ಮೇಜಿನ ಮೇಲೆ ಗೋಂದಿನ ಬಾಟಲಿಗಾಗಿ ತಡಕಾಡುತ್ತಿತ್ತು. ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಆ ಚೀಟಿಗಳೆಲ್ಲ ಅತ್ತೆಯೊಬ್ಬರಿಗಾಗಿ ಅಲ್ಲವೆಂದು ನನ್ನ ದಡ್ಡ ತಲೆಗೆ ಹೊಳೆದದ್ದು ಆಗ. ಅಷ್ಟು ದಿನ ನಕ್ಕಿದ್ದಕ್ಕೆ ನಾಚಿಕೆಯಾಯಿತು.

“ಏನಿಲ್ಲ ಮಾವ. ಕೂತ್ಕೊಂಡು ಬೂಟಿನ ಲೇಸ್ ಕಟ್ಕೊಳ್ತಿದ್ದಾನೆ.”

ಮಾವನ ಕೈಗೆ ಗೋಂದಿನ ಬಾಟಲಿ ಸಿಕ್ಕಿತು.

“ಮುಂದಿನ ಚಿತ್ರದಲ್ಲಿ ಎದ್ದಿದ್ದಾನಾ?”

ಮುಂದೆ ಚಿತ್ರವೇ ಇರಲಿಲ್ಲ. ಅದೇ ಕೊನೆಯದು.

“ಎದ್ದಿದ್ದಾನೆ ಮಾವ. ನಡೀತಾ ಇದ್ದಾನೆ.”

“ಹಾಗೇ ಬರಿಯಮ್ಮ,” ಎಂದರು.

ಚೀಟಿ ಕತ್ತರಿಸಿ, ಅವರು ಹೇಳಿದ ಹಾಗೆಯೇ ಬರೆದು, ನಾಲ್ಕು ಅಂಚಿಗೂ ಗೋಂದು ಹಚ್ಚಿ, ಏಳದಂತೆ ಗಟ್ಟಿಯಾಗಿ ಒತ್ತಿದೆ.