ಕಂಬದ ಕೆಲಸಕ್ಕೆ ಗೈರುಹಾಜರಾದ ಚಂದ್ರಾಮರಿಗೆ

ಸಾಗವಾನಿಕೊಪ್ಪ, ತಾಲ್ಲೂಕು ಖಾನಾಪುರ
ಆಷಾಢ ಶುದ್ಧ ದ್ವಾದಶಿ, ೧೯೮೩

ಆಕಾಶವಾಸಿಗಳೂ ನಮ್ಮ ಪಂಚಾಯತಿಯ ಪಗಾರವಿಲ್ಲದ ನೌಕರರೂ ಆದ ಮಾನ್ಯ ಚಂದ್ರಾಮರೇ,

ತಮ್ಮ ಮುಖ ಕಾಣದಿದ್ದರೂ ಇರಬಹುದಾದ ದಿಕ್ಕನ್ನು ಅಂದಾಜು ಮಾಡಿ, ಎರಡನೇ ಇಯತ್ತೆ ಕಲಿತ ಸತ್ಯವ್ವ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಕತ್ತಲೆಯಲ್ಲಿ ಖಾತ್ರಿ ಮಾಡಿಕೊಳ್ಳಲು ಆಗಿಲ್ಲ.

ತಮ್ಮ ನೇಮಕಾತಿಗೆ ನಾನೇ ಕಾರಣ. ಸಾಲ ಮಿತಿಮೀರಿತು, ಖರ್ಚು ಇಳಿಸಿರಿ ಎಂದು ದಿಲ್ಲಿಯವರು ಬೆಂಗಳೂರಿಗೆ, ಬೆಂಗಳೂರಿನವರು ಬೆಳಗಾವಿಗೆ, ಬೆಳಗಾವಿಯವರು ನಮ್ಮ ಪಂಚಾಯತಿಗೆ ಹೇಳಿದರು. ಪಂಚಾಯತಿಗೆ ಹೇಳಲು ಕೆಳಗೆ ಯಾರೂ ಉಳಿಯದೆ ಚೇರಮನ್ ಗುರುಪುತ್ರಪ್ಪ ಊರ ಸಭೆ ಕರೆದ. ಸೊಸೆಗೆ ಚಹಾದ ಸಕ್ಕರೆಯನ್ನೂ ಅಳೆದು ಕೊಡುವ ನಾನು ಸುಮ್ಮನೆ ಕೂಡ್ರಲಾರದೆ ಎದ್ದು, "ಬೆಳದಿಂಗಳ ಪಕ್ಷದಾಗ ಬೀದಿ ದೀಪ ಯಾಕ ಬೇಕ್ರಿ? ಚಂದ್ರಾಮ ಪುಕಟ ಅದಾನಲ್ಲ!" ಎಂದೆ. ಚಪ್ಪಾಳೆ ಬಿತ್ತು. ಜನ್ಮದಲ್ಲಿ ಮೊದಲ ಸಲ ಬಿದ್ದ ಚಪ್ಪಾಳೆಯ ಸದ್ದಿಗೆ, ಖಾನಾಪುರದ ಕಡೆ ಮಳೆಗಾಲ ಎಂಬುದೊಂದು ಇದೆ ಎಂಬುದೇ ನನಗೆ ಮರೆತುಹೋಯಿತು.

ಅಂದಿನಿಂದ ಪಂಚಾಂಗ ನೋಡಿ ದೀಪ ಆರಿಸುತ್ತಾರೆ. ಪಂಚಾಂಗದಲ್ಲಿ ತಾವು ಹಾಜರು, ಮೋಡದ ಹಿಂದೆ ರಜೆ. ತಮ್ಮಂಥ ನೌಕರರನ್ನು ನಾನು ಕಂಡಿಲ್ಲ: ತುಟ್ಟಿಭತ್ಯೆ ಕೇಳುವುದಿಲ್ಲ, ಮುಷ್ಕರ ಹೂಡುವುದಿಲ್ಲ, ಪಿಂಚಣಿಯ ಮಾತಿಲ್ಲ, ಕೆಲಸವೂ ಇಲ್ಲ. ಇಂಥವರು ನಾಲ್ಕು ಜನ ಸಿಕ್ಕರೆ ದಿಲ್ಲಿಯ ಸಾಲವೂ ತೀರೀತು.

ಆದರೆ ನನ್ನ ಮೊಮ್ಮಗಳು ಶಿವಲಿಂಗವ್ವ ಚೊಚ್ಚಲ ಹೆರಿಗೆಗೆ ಬಂದಿದ್ದಾಳೆ, ಇವತ್ತೋ ನಾಳೆಯೋ ಎನ್ನುವಂತಿದ್ದಾಳೆ. ಊರಿಗೆಲ್ಲ ಒಬ್ಬಳೇ ಸೂಲಗಿತ್ತಿ ಕರೀಮುನ್ನಿಸಾ. ಅವಳ ಮನೆಗೂ ನಮ್ಮ ಮನೆಗೂ ನಡುವೆ ತೆರೆದ ಗಟಾರ. "ದೀಪ ಇಲ್ಲಂದ್ರ ಹೊತ್ತು ಮುಳುಗಿದ ಮ್ಯಾಲ ಬರಂಗಿಲ್ಲಬೇ ಸತ್ಯವ್ವ. ಗಟಾರದಾಗ ಬಿದ್ದು ನಾ ಮಲಗಿದ್ರ ನನ್ನ ಬಾಣಂತನ ನೀ ಮಾಡ್ತಿಯೇನು?" ಎಂದಳು. ಮನೆಯಲ್ಲಿ ಕಂದೀಲು ಇದೆ. ಅದಕ್ಕೆ ಹಾಕುವ ರೇಶನ್ ಸೀಮೆಎಣ್ಣೆಯನ್ನು ಮೇಲಿನವರು ಆಗಲೇ ಉಳಿತಾಯ ಮಾಡಿದ್ದಾರೆ.

ಗುರುಪುತ್ರಪ್ಪನ ಮುಂದೆ ಸೆರಗೊಡ್ಡಿದೆ. "ಆಯೀ, ಆರಸಾಕ ನಿನ್ನ ಮಾತು ಸಾಕಾತು. ಹಚ್ಚಾಕ ಬೆಳಗಾವಿ ಮಂಜೂರಿ ಬೇಕು, ಅವರಿಗೆ ಬೆಂಗಳೂರಿಂದು, ಅವರಿಗೆ ದಿಲ್ಲೀದು. ಉಳಿತಾಯದ ವರದಿ ನಿನ್ನ ಹೆಸರಲೇ ಕಳಿಸೇವಿ, ಖುಷಿಪಡು" ಎಂದ. ಅಷ್ಟು ದೊಡ್ಡ ಸರಕಾರಗಳ ತಿಜೋರಿಗೆ ನಮ್ಮ ಓಣಿಯ ಒಂದು ಬಲ್ಬೇ ಆಧಾರ ಎಂದು ತಿಳಿದು ನನ್ನ ಎದೆ ಉಬ್ಬಬೇಕಿತ್ತು, ಹೊಟ್ಟೆ ಉರಿಯಿತು.

ಆದಕಾರಣ ತಾವು ದಯಮಾಡಿ ಮೋಡ ಬಿಟ್ಟು ಇಳಿದು, ಹುಣ್ಣಿಮೆಯ ತನಕ ನಮ್ಮ ಕಂಬದ ಮೇಲೆ ಕೂಡ್ರಬೇಕು. ಅಷ್ಟು ಆಗದಿದ್ದರೆ ರಾಜೀನಾಮೆಯನ್ನಾದರೂ ಕೊಡಬೇಕು. ಜಾಗ ಖಾಲಿಯಾದರೆ ಬಲ್ಬಿಗೆ ಮರಳಿ ನೌಕರಿ ಸಿಕ್ಕೀತು.

ಗೋಡೆ ತಡವುತ್ತ ಸಹಿ ಮಾಡಿದ, ತಮ್ಮ ವಿಶ್ವಾಸಿ,
ಸತ್ಯವ್ವ

ತಾ.ಕ.: ಹುಣ್ಣಿಮೆ ದಾಟಲಿ, ಕತ್ತಲ ಪಕ್ಷಕ್ಕೆ ಪಂಚಾಯತಿಯೇ ದೀಪ ಹಚ್ಚುತ್ತದೆ, ಅಲ್ಲಿಯ ತನಕ ತಡೆದುಕೋ ಎಂದು ಮೊಮ್ಮಗಳ ಹೊಟ್ಟೆಗೆ ಬಾಯಿ ಹಚ್ಚಿ ಹೇಳಿದೆ. ಕೂಸು ಒದ್ದಿತು. ದಿಲ್ಲಿಯಿಂದ ಹಿಡಿದು ನನ್ನವರೆಗೆ, ಉಳಿತಾಯ ಕಲಿಸುವವರಿಗೆ ಕೊಡಬೇಕಾದ ಉತ್ತರ, ತಾನು ಹುಟ್ಟುವ ಮೊದಲೇ ಅದಕ್ಕೆ ಗೊತ್ತಿದೆ.